ಕೆಟ್ಟ ಮೈಕಿನ ಕಥೆ: ನಾರ್ವೆಯ ಬ್ಲ್ಯಾಕ್ ಮೆಟಲ್ ಯಾಕೆ ಹಾಗೆ ಕೇಳಿಸುತ್ತೆ?

(1/9)

ಫೋಟೋದಲ್ಲಿರೋದು ನನ್ನ ಇಯರ್‌ಫೋನ್. ಹಾಳಾಗಿಲ್ಲ, ಚೆನ್ನಾಗೇ ಇದೆ. ಇದನ್ನ ಮೊದಲೇ ಹೇಳಿಬಿಡ್ತೀನಿ. ಯಾಕಂದ್ರೆ ಹೋದ ತಿಂಗಳು ಬಸ್ಸಲ್ಲಿ ಪಕ್ಕ ಕೂತಿದ್ದ ನಮ್ಮ ಕ್ಲಾಸಿನವನೊಬ್ಬ ಒಂದು ಕಡೆಯದನ್ನ ತಗೊಂಡು ಕಿವಿಗಿಟ್ಟು, ಹತ್ತೇ ಸೆಕೆಂಡಿಗೆ ವಾಪಸ್ ಕೊಟ್ಟು, "ಇದು ಹೋಗಿದೆ ಕಣೋ, ಬರೀ ಗುಂಯ್ ಅಂತಿದೆ, ಹೊಸದು ತಗೋ" ಅಂದ.

ಅವನ ಕಿವಿಗೆ ಬಿದ್ದಿದ್ದು ಡಾರ್ಕ್‌ಥ್ರೋನ್ ಅನ್ನೋ ನಾರ್ವೆ ಬ್ಯಾಂಡು. 1994ರ ಆಲ್ಬಂ. ಆ ಗುಂಯ್ ಅನ್ನೋದೇ ಆ ಆಲ್ಬಂ ಅಂತ ಹೇಳೋಕೆ ಹೋದೆ. ಅಷ್ಟರಲ್ಲಿ ಅವನ ಸ್ಟಾಪ್ ಬಂತು, ಇಳಿದುಹೋದ.

ಅದೇ ವಾರ ಇನ್ನೊಂದು ಆಯ್ತು. ನಾನು ಸ್ಟೋರಿಗೆ ಒಂದು ಆಲ್ಬಂ ಕವರ್ ಹಾಕಿದ್ದೆ. ಬೆಟ್ಟ, ಕಾಡು, ಕೊಂಬು ಊದ್ತಾ ನಿಂತಿರೋ ಹುಡುಗಿ. ನೋಡೋಕೆ ನಮ್ಮ ಮಲೆನಾಡಿನ ಬೆಳಗಿನ ಹಾಗೇ ಇತ್ತು. ಮೇಲೆ 'ವೈಬ್' ಅಂತ ಬರೆದಿದ್ದೆ, ಅಷ್ಟೇ. ರಾತ್ರಿ ನಮ್ಮೂರಿನ ಒಬ್ಬ ಅಕ್ಕ ಡಿಎಂ ಮಾಡಿದ್ರು: "ಈ ಆಲ್ಬಂ ಮಾಡಿದವನು ಏನು ಮಾಡಿದಾನೆ ಗೊತ್ತಾ ನಿಂಗೆ? ಗೊತ್ತಿದ್ದೂ ಹಾಕಿದ್ಯಾ?"

ಅರ್ಧಂಬರ್ಧ ಗೊತ್ತಿತ್ತು. ಸ್ಟೋರಿ ತೆಗೆದೆ. ಆದರೆ ರಿಪ್ಲೈ ಮಾಡೋಕೆ ಆಗಲಿಲ್ಲ.

ಈ ಒಂಬತ್ತು ಪೋಸ್ಟು ಇಬ್ಬರಿಗೂ ಉತ್ತರ. ಬಸ್ಸಿನವನ ಪ್ರಶ್ನೆ: ಇದು ಯಾಕೆ ಹಾಳಾದ ಹಾಗೆ ಕೇಳಿಸುತ್ತೆ? ಅಕ್ಕನ ಪ್ರಶ್ನೆ: ಗೊತ್ತಿದ್ದೂ ಕೇಳ್ತೀಯಾ? ಮೊದಲು ಸುಲಭದ್ದು ತಗೊಳ್ತೀನಿ. ಉದ್ದ ಇದೆ, ಸೇವ್ ಮಾಡ್ಕೊಂಡು ಮೆಸ್ಸಲ್ಲಿ ಕ್ಯೂ ನಿಂತಾಗ ಓದಿ.

(2/9)

ಹೆಸರು ಹುಟ್ಟಿದ್ದು ನಾರ್ವೆಯಲ್ಲಿ ಅಲ್ಲ, ಇಂಗ್ಲೆಂಡಿನಲ್ಲಿ. ನ್ಯೂಕ್ಯಾಸಲ್ ಕಡೆಯ ವೆನಮ್ ಅನ್ನೋ ಮೂರು ಜನರ ಬ್ಯಾಂಡು 1982ರಲ್ಲಿ 'ಬ್ಲ್ಯಾಕ್ ಮೆಟಲ್' ಅಂತಲೇ ಒಂದು ಆಲ್ಬಂ ತಂತು. ಸೈತಾನ, ಬೆಂಕಿ, ಕೊಂಬು, ಎಲ್ಲಾ ಇತ್ತು. ಅದರಲ್ಲಿ ಮುಕ್ಕಾಲು ಪಾಲು ತಮಾಷೆ. ಜಾತ್ರೆಯಲ್ಲಿ ರಾಕ್ಷಸನ ಮುಖವಾಡ ಹಾಕ್ಕೊಂಡು ಮಕ್ಕಳನ್ನ ಹೆದರಿಸ್ತಾರಲ್ಲ, ಆ ಥರ.

ಸದ್ದಿನ ವಿಷಯಕ್ಕೆ ಬಂದ್ರೆ ನಿಜವಾದ ಅಜ್ಜ ಸ್ವೀಡನ್ನಿನ ಬಾಥೊರಿ. ಬ್ಯಾಂಡು ಅಂದ್ರೆ ಹೆಚ್ಚುಕಮ್ಮಿ ಒಬ್ಬನೇ, ಕ್ವೊರ್ಥಾನ್ ಅಂತ ಹೆಸರಿಟ್ಟುಕೊಂಡಿದ್ದ ಹುಡುಗ. 1984ರಲ್ಲಿ ಮೊದಲ ಆಲ್ಬಂ ಬಂದಾಗ ಅವನಿಗೆ 18. ರೆಕಾರ್ಡ್ ಮಾಡಿದ್ದು ಸ್ಟಾಕ್‌ಹೋಮಿನಲ್ಲಿ, ಒಂದು ಕಾರ್ ಗ್ಯಾರೇಜನ್ನ ಸ್ಟುಡಿಯೋ ಮಾಡ್ಕೊಂಡಿದ್ದ ಜಾಗದಲ್ಲಿ. ಹೆಸರು ಮಾತ್ರ ಹೆವನ್‌ಶೋರ್, ಸ್ವರ್ಗದ ದಡ! ಕೇಳಿದ್ರೆ ಡ್ರಮ್ಮು ಪಕ್ಕದ ಮನೆಯಲ್ಲಿ ಬಾರಿಸಿದ ಹಾಗಿದೆ, ಗಿಟಾರು ಕಬ್ಬಿಣ ಉಜ್ಜಿದ ಹಾಗೆ, ಗಂಟಲು ಬಾವಿಯೊಳಗಿಂದ ಬಂದ ಹಾಗೆ.

ಇಲ್ಲಿ ಒಂದು ಗಮನಿಸಿ. ಬಾಥೊರಿ ಹಾಗೆ ಕೇಳಿಸಿದ್ದಕ್ಕೆ ಮುಖ್ಯ ಕಾರಣ ದುಡ್ಡು. ದೊಡ್ಡ ಸ್ಟುಡಿಯೋಗೆ ಹೋಗೋ ಶಕ್ತಿ ಇರಲಿಲ್ಲ.

ಇದರ ಮೇಲೆ ಕ್ಯಾಸೆಟ್ಟಿನ ಕಾಲ ಬೇರೆ. ಈ ಸಂಗೀತ ಅಂಗಡಿಗಳಲ್ಲಿ ಸುಲಭವಾಗಿ ಸಿಗ್ತಿರಲಿಲ್ಲ. ಹುಡುಗರು ಕ್ಯಾಸೆಟ್ಟನ್ನ ಕಾಪಿ ಮಾಡಿ ಅಂಚೆಯಲ್ಲಿ ದೇಶದಿಂದ ದೇಶಕ್ಕೆ ಕಳಿಸ್ಕೊಳ್ತಿದ್ರು. ಕಾಪಿಯ ಕಾಪಿಯ ಕಾಪಿ. ಪ್ರತಿ ಸಲ ಸ್ವಲ್ಪ ಸದ್ದು ಸವೆಯುತ್ತೆ, ಟೇಪಿನ 'ಸ್ಸ್' ಅನ್ನೋದು ಒಂದು ಪದರ ಜಾಸ್ತಿಯಾಗುತ್ತೆ. ನೋಟ್ಸು ಜೆರಾಕ್ಸಿನ ಜೆರಾಕ್ಸ್ ಆಗಿ ನಮ್ಮ ಕೈಗೆ ಬಂದಾಗ ಇರುತ್ತಲ್ಲ, ಅಕ್ಷರ ಮಸುಕು, ಅಂಚೆಲ್ಲಾ ಕಪ್ಪು, ಹಾಗೆ. ನಾರ್ವೆಯ ಹುಡುಗರ ಕಿವಿಗೆ ಈ ಸಂಗೀತ ಮೊದಲ ಸಲ ಬಿದ್ದಿದ್ದೇ ಹೀಗೆ ಸವೆದು. ಅವರಿಗೆ ಆ ಸವಕಲೂ ಹಾಡಿನ ಭಾಗವೇ ಆಗಿಹೋಯ್ತು ಅಂತ ನನ್ನ ಅನಿಸಿಕೆ.

(3/9)

ಈಗ ಬರುತ್ತೆ ನೋಡಿ ನಮ್ಮ ಸಬ್ಜೆಕ್ಟು. ಕಾಸ್ಟಿಂಗ್.

1990ರ ಹೊತ್ತಿಗೆ ಡೆತ್ ಮೆಟಲ್ ಜೋರಾಗಿತ್ತು. ಅಮೆರಿಕದ ಫ್ಲಾರಿಡಾದ ಟ್ಯಾಂಪಾ ಊರಿನಲ್ಲಿ ಮಾರಿಸೌಂಡ್, ಸ್ಟಾಕ್‌ಹೋಮಿನಲ್ಲಿ ಸನ್‌ಲೈಟ್, ಇವೆರಡು ಸ್ಟುಡಿಯೋಗೆ ಹೋದ್ರೆ ಗ್ಯಾರಂಟಿ ಸೌಂಡು. ದಪ್ಪ, ಭಾರ, ಎದೆಗೆ ಗುದ್ದೋ ಥರ. ಓಸ್ಲೋ ಪಕ್ಕದ ಕೊಲ್‌ಬಾಟ್ನ್ ಅನ್ನೋ ಊರಿನ ಡಾರ್ಕ್‌ಥ್ರೋನ್ ಹುಡುಗರು ಕೂಡ ಅದನ್ನೇ ಮಾಡಿದ್ರು. ಪೀಸ್‌ವಿಲ್ ಅನ್ನೋ ಇಂಗ್ಲಿಷ್ ಕಂಪನಿ ಜೊತೆ ಕರಾರು ಆಯ್ತು, ಸನ್‌ಲೈಟ್‌ಗೆ ಹೋಗಿ ಮೊದಲ ಆಲ್ಬಂ ಮಾಡಿದ್ರು, 1991ರಲ್ಲಿ ಬಂತು. ಒಳ್ಳೆ ಡೆತ್ ಮೆಟಲ್ ಆಲ್ಬಂ. ದಾರಿ ಕ್ಲಿಯರ್ ಆಗಿತ್ತು.

ಅದೇ ವರ್ಷ ಆಗಸ್ಟಿನಲ್ಲಿ ಎರಡನೇ ಆಲ್ಬಂಗೆ ಕೂತಾಗ ಎಲ್ಲಾ ಉಲ್ಟಾ ಮಾಡಿದ್ರು. ಸ್ಟಾಕ್‌ಹೋಮ್ ಬೇಡ, ತಮ್ಮೂರಿನ ಸಣ್ಣ ಸ್ಟುಡಿಯೋ ಸಾಕು. ದಪ್ಪ ಗಿಟಾರ್ ಬೇಡ, ತೆಳು, ಕೊರೆಯೋ ಗಿಟಾರ್ ಬೇಕು. ಡ್ರಮ್ಮರ್ ಫೆನ್ರಿಜ್‌ಗೆ ಆಗ 19 ವರ್ಷ. ಟೇಪು ಇಂಗ್ಲೆಂಡಿಗೆ ಹೋಯ್ತು. ಕಂಪನಿಯವರು ಕೇಳಿ ಕಂಗಾಲು. ಇವರು ಕಾಯ್ತಿದ್ದಿದ್ದು ಇನ್ನೊಂದು ಡೆತ್ ಮೆಟಲ್ ಆಲ್ಬಂಗೆ. ಸೌಂಡು ತೆಳುವಾಯ್ತು, ಮತ್ತೆ ಮಿಕ್ಸ್ ಮಾಡಿ ಅಂದ್ರು. ಹುಡುಗರು ಹೇಳಿದ್ದು: ಹೀಗೇ ಬಿಡುಗಡೆ ಮಾಡಿ, ಇಲ್ಲಾಂದ್ರೆ ಓಸ್ಲೋದಲ್ಲಿ ನಮ್ಮ ಗೆಳೆಯನ ಲೇಬಲ್ ಇದೆ, ಅಲ್ಲಿ ಮಾಡ್ಕೊಳ್ತೀವಿ. 1992ರಲ್ಲಿ ಆಲ್ಬಂ ಹಾಗೇ ಬಂತು. 'ಎ ಬ್ಲೇಜ್ ಇನ್ ದ ನಾರ್ದರ್ನ್ ಸ್ಕೈ.' ಕವರಿನಲ್ಲಿ ಕಪ್ಪು ಬಿಳುಪು ಫೋಟೋ, ಅದೂ ಜೆರಾಕ್ಸ್ ಮಾಡಿದ ಹಾಗೇ.

ಕ್ಲಾಸಿನಲ್ಲಿ ನಾವು ಏನು ಕಲಿತ್ವಿ? ಬಜೆಟ್ ಕಮ್ಮಿ ಆದ್ರೆ ಕ್ವಾಲಿಟಿ ಇಳಿಯುತ್ತೆ, ಜಾಸ್ತಿ ಆದ್ರೆ ಏರುತ್ತೆ. ಇಲ್ಲಿ ಒಳ್ಳೆ ಸೌಂಡಿನ ಬಾಗಿಲು ತೆರೆದಿತ್ತು, ಒಂದು ಸಲ ಒಳಗೆ ಹೋಗಿ ನೋಡ್ಕೊಂಡೂ ಬಂದಿದ್ರು. ಆಮೇಲೆ ಬೇಡ ಅಂದ್ರು. ಬಾಥೊರಿಗೆ ಇಲ್ಲದ್ದು, ಡಾರ್ಕ್‌ಥ್ರೋನ್‌ಗೆ ಬೇಡವಾದದ್ದು. ಕೇಳೋಕೆ ಎರಡೂ ಒಂದೇ ಥರ, ಅರ್ಥ ಮಾತ್ರ ಬೇರೆ. ಈ ಒಂದು ವ್ಯತ್ಯಾಸ ಹೇಳೋಕೇ ನಾನು ಮೂರು ಪೋಸ್ಟು ತಗೊಂಡೆ.

(4/9)

ಸರಿ, ಆ ಸದ್ದಿನೊಳಗೆ ಏನಿದೆ? ಥಿಯರಿ ಗೊತ್ತಿಲ್ಲದವರಿಗೂ ಅರ್ಥ ಆಗೋ ಹಾಗೆ ಹೇಳೋಕೆ ಟ್ರೈ ಮಾಡ್ತೀನಿ.

ಗಿಟಾರ್: ಒಂದೇ ಸ್ವರವನ್ನ ಸೆಕೆಂಡಿಗೆ ಎಷ್ಟೋ ಸಲ ಮೇಲೆ ಕೆಳಗೆ ಮೀಟೋದು. ಇದಕ್ಕೆ ಟ್ರೆಮೊಲೊ ಅಂತಾರೆ. ಬೇರೆ ಮೆಟಲ್‌ನಲ್ಲಿ ಅಂಗೈ ಒತ್ತಿ ತಂತಿಯನ್ನ ಅರ್ಧ ಅದುಮಿ 'ಜಗ್ ಜಗ್' ಅನಿಸ್ತಾರೆ. ಇಲ್ಲಿ ಹೆಚ್ಚಾಗಿ ಅದುಮಲ್ಲ, ತಂತಿ ತೆರೆದೇ ಮೊಳಗ್ತಾ ಇರುತ್ತೆ. ಎಷ್ಟು ವೇಗ ಅಂದ್ರೆ, ಬಿಡಿ ಬಿಡಿ ಹೊಡೆತ ಕೇಳೋದು ನಿಂತು ಒಂದೇ ಉದ್ದನೆ ಗುಂಯ್ ಆಗುತ್ತೆ. ನನ್ನ ಫ್ರೆಂಡ್ ಹೇಳಿದ ಅದೇ ಗುಂಯ್! ಅದರ ಮೇಲೆ ಸ್ವರ ಬದಲಾಗೋದು ಮಾತ್ರ ತುಂಬಾ ನಿಧಾನ, ಬಹಳ ಸಲ ದುಃಖದ ಛಾಯೆಯ ಮೈನರ್ ಸ್ವರಗಳಲ್ಲಿ.

ಡ್ರಮ್ಮು: ಬ್ಲಾಸ್ಟ್ ಬೀಟ್. ಕೈಕಾಲು ಎಲ್ಲಾ ಮಷಿನ್ ಥರ. ಆದರೆ ಮೈಕು ದೂರ ಇರೋದ್ರಿಂದ, ಪ್ರತಿಧ್ವನಿ ಜಾಸ್ತಿ ಇರೋದ್ರಿಂದ, ಹೊಡೆತ ಎದೆಗೆ ಬರಲ್ಲ.

ಬಾಸ್: ಹೆಚ್ಚುಕಮ್ಮಿ ಕಾಣೆ.

ಗಂಟಲು: ಕಿರುಚಾಟ. ಪದ ಗೊತ್ತಾಗಲ್ಲ. ನಾರ್ವೇಜಿಯನ್ ಗೊತ್ತಿದ್ದವರಿಗೂ ಗೊತ್ತಾಗಲ್ಲವಂತೆ, ಹಾಗಾಗಿ ನಾವು ಬೇಜಾರು ಮಾಡ್ಕೊಳ್ಳೋದು ಬೇಡ.

ಈ ಎಲ್ಲಾ ಸೇರಿದಾಗ ಏನಾಗುತ್ತೆ ಅನ್ನೋದು ಮಜಾ. ತಾಳಗುಪ್ಪದ ರೈಲಿನಲ್ಲಿ ಕಿಟಕಿ ಪಕ್ಕ ಕೂತಿದ್ದೀರಾ? ಹತ್ತಿರದ ಕಂಬ, ಮರ ಎಲ್ಲಾ ಸರ್ ಸರ್ ಅಂತ ಹಿಂದೆ ಓಡ್ತವೆ. ದೂರದ ಗುಡ್ಡ ಮಾತ್ರ ಅಲ್ಲಾಡೋದೇ ಇಲ್ಲ, ನಮ್ಮ ಜೊತೆಗೇ ಬರ್ತಿರುತ್ತೆ. ಬ್ಲ್ಯಾಕ್ ಮೆಟಲ್ ಅಂದ್ರೆ ಆ ಕಂಬ ಮತ್ತೆ ಆ ಗುಡ್ಡ ಒಟ್ಟಿಗೆ. ಕೈ ಓಡ್ತಿದೆ, ಹಾಡು ನಿಂತಿದೆ. ಮೊದಲ ಸಲ ಕೇಳೋರು ಕಂಬ ನೋಡ್ತಾರೆ, ತಲೆ ಸುತ್ತುತ್ತೆ, ತೆಗೆದಿಡ್ತಾರೆ. ಗುಡ್ಡ ನೋಡೋಕೆ ಸ್ವಲ್ಪ ದಿನ ಬೇಕು. ನನಗೆ ಒಂದು ಇಡೀ ಮಳೆಗಾಲ ಬೇಕಾಯ್ತು. ಹಂಚಿನ ಮೇಲೆ ರಾತ್ರಿಯಿಡೀ ಸುರಿಯೋ ಮಳೆಯಲ್ಲಿ ಬಿಡಿ ಹನಿ ಕೇಳಿಸಲ್ಲವಲ್ಲ, ಆದರೂ ಅದರೊಳಗೆ ಏನೋ ಏರಿಳಿತ ಇದೆ ಅನಿಸುತ್ತಲ್ಲ. ಹಾಗೆ ಒಂದು ರಾತ್ರಿ ಥಟ್ಟನೆ ಕೇಳಿಸ್ತು.

ಬಾಸ್ ಯಾಕಿಲ್ಲ, ಮೈಕು ಯಾಕೆ ದೂರ ಅಂತ ಈಗ ಗೊತ್ತಾಗಿರಬೇಕು. ಭಾರ ಇರೋ ಸದ್ದು ಹತ್ತಿರ ಇದೆ ಅನಿಸುತ್ತೆ. ಭಾರ ತೆಗೆದ್ರೆ ಅದೇ ಸದ್ದು ಕಣಿವೆಯ ಆಚೆ ದಡಕ್ಕೆ ಹೋಗುತ್ತೆ. ಇವರಿಗೆ ಬೇಕಾಗಿದ್ದದ್ದು ಆ ದೂರ.

(5/9)

ಈ ದೂರದ ಹುಚ್ಚು ಎಲ್ಲಿಗೆ ಹೋಯ್ತು ಅಂದ್ರೆ, 1993ರ ಕೊನೆಯಲ್ಲಿ ಫೆನ್ರಿಜ್ ಸ್ಟುಡಿಯೋವನ್ನೇ ಬಿಟ್ಟ. ಮನೆಯಲ್ಲಿ ನಾಲ್ಕು ಟ್ರ್ಯಾಕಿನ ರೆಕಾರ್ಡರ್ ಇಟ್ಕೊಂಡು ಗಿಟಾರ್, ಬಾಸ್, ಡ್ರಮ್ಸ್ ಎಲ್ಲಾ ತಾನೇ ನುಡಿಸಿ, ದನಿಗೆ ಮಾತ್ರ ಜೊತೆಗಾರ ನೊಕ್ಟರ್ನೊ ಕುಲ್ಟೊನನ್ನ ಕರೆದ. ಇವತ್ತು ನಿಮ್ಮ ಫೋನಿನ ಫ್ರೀ ಆ್ಯಪಿನಲ್ಲೂ ನಾಲ್ಕಕ್ಕಿಂತ ಜಾಸ್ತಿ ಟ್ರ್ಯಾಕ್ ಇರುತ್ತೆ. ಹಾಗೆ ಬಂದಿದ್ದೇ 'ಟ್ರಾನ್ಸಿಲ್ವೇನಿಯನ್ ಹಂಗರ್', ಬಸ್ಸಲ್ಲಿ ನನ್ನ ಫ್ರೆಂಡಿಗೆ ಕೇಳಿಸಿದ ಆಲ್ಬಂ.

(ಫೆನ್ರಿಜ್ ಬಗ್ಗೆ ಒಂದು ಮಾತು. ಇಷ್ಟೆಲ್ಲಾ ಮಾಡಿದ ಮನುಷ್ಯನ ಕೆಲಸ ಅಂಚೆ ಇಲಾಖೆಯಲ್ಲಿ. ಒಂದು ಸಲ ಊರಿನ ಕೌನ್ಸಿಲ್ ಚುನಾವಣೆಗೆ ಬದಲಿ ಸದಸ್ಯ ಅಂತ ಹೆಸರು ಸೇರಿಸಿದ್ರು, ಬೆಕ್ಕು ಎತ್ತಿಕೊಂಡಿರೋ ಫೋಟೋ ಹಾಕಿ ದಯವಿಟ್ಟು ನನಗೆ ವೋಟ್ ಹಾಕಬೇಡಿ ಅಂತ ಪ್ರಚಾರ ಮಾಡಿದ. ಗೆದ್ದುಬಿಟ್ಟ, ಪಾಪ.)

ಇನ್ನೊಬ್ಬ ಬುರ್ಜುಮ್. ಇದೂ ಒಬ್ಬನೇ ಇರೋ ಬ್ಯಾಂಡು, ಬೆರ್ಗೆನ್ ಊರಿನ ವಾರ್ಗ್ ವಿಕೆರ್ನೆಸ್. ಇವನು 1993ರ ಮಾರ್ಚಿನಲ್ಲಿ 'ಫಿಲೊಸೊಫೆಮ್' ರೆಕಾರ್ಡ್ ಮಾಡಿದ ಬಗ್ಗೆ ತಾನೇ ಹೇಳಿಕೊಂಡಿದ್ದಾನೆ: ಇರೋದ್ರಲ್ಲಿ ಅತಿ ಕೆಟ್ಟ ಮೈಕು ಕೊಡಿ ಅಂತ ಕೇಳಿದ್ನಂತೆ, ಕೊನೆಗೆ ಹಾಡಿದ್ದು ಒಂದು ಹೆಡ್‌ಸೆಟ್ಟಿನ ಮೈಕಿನಲ್ಲಿ. ಗಿಟಾರಿಗೆ ಗಿಟಾರ್ ಆ್ಯಂಪ್ ಬಳಸಿಲ್ಲ, ತಮ್ಮ ಮನೆಯ ಸ್ಟೀರಿಯೋದ ಆ್ಯಂಪಿಗೆ ಹಳೇ ಫಜ್ ಪೆಡಲ್ ಜೋಡಿಸಿದ. ಆಲ್ಬಂ ಹೊರಬಂದಿದ್ದು 1996ರ ಜನವರಿಯಲ್ಲಿ. ಅದರಲ್ಲಿ 25 ನಿಮಿಷದ ಒಂದು ಟ್ರ್ಯಾಕ್ ಇದೆ, ಅದರಲ್ಲಿ ಗಿಟಾರೂ ಇಲ್ಲ, ಕಿರುಚಾಟವೂ ಇಲ್ಲ, ಕೀಬೋರ್ಡಿನ ಒಂದು ಪುಟ್ಟ ರಾಗ ತಿರುಗಿ ತಿರುಗಿ ಬರುತ್ತೆ ಅಷ್ಟೇ.

ಹೌದು, ನಾನು ಸ್ಟೋರಿಗೆ ಹಾಕಿದ್ದು ಇದರ ಕವರೇ. ಹೆಚ್ಚುಕಮ್ಮಿ ಮೂರು ವರ್ಷದ ಗ್ಯಾಪ್ ಯಾಕೆ ಅಂತ 8ನೇ ಪೋಸ್ಟಿನಲ್ಲಿ ಬರುತ್ತೆ.

(6/9)

ಇಲ್ಲಿವರೆಗೆ ಓದಿದವರು ಅಂದುಕೊಂಡಿರ್ತೀರಿ, ಓ, ಕೆಟ್ಟದಾಗಿ ರೆಕಾರ್ಡ್ ಮಾಡಿದ್ರೆ ಬ್ಲ್ಯಾಕ್ ಮೆಟಲ್ ಅಂತ. ಅಲ್ಲ. ಫೋಟೋ ನೋಡಿ. ಬೆರ್ಗೆನ್ ಊರಿನ ಗ್ರೀಗ್‌ಹಾಲೆನ್. ನಾರ್ವೆಯ ದೊಡ್ಡ ಸಂಗೀತಗಾರ ಎಡ್ವರ್ಡ್ ಗ್ರೀಗ್ ಹೆಸರಿನ ಕಾನ್ಸರ್ಟ್ ಹಾಲ್, 1978ರಲ್ಲಿ ಶುರುವಾಗಿದ್ದು. ಸೂಟು ಹಾಕ್ಕೊಂಡು ಬಂದು ಕೂತು ಸಿಂಫನಿ ಕೇಳೋ ಜಾಗ.

ಅದೇ ಕಟ್ಟಡದಲ್ಲಿ ಒಂದು ಸ್ಟುಡಿಯೋ ಇತ್ತು. ನೋಡ್ಕೊಳ್ತಿದ್ದವರು ಐರಿಕ್ ಹುಂಡ್ವಿನ್, ಎಲ್ಲರೂ ಕರೆಯೋದು ಪ್ಯೂಟೆನ್ ಅಂತ. ಈ ಹುಡುಗರಿಗಿಂತ ತುಂಬಾ ದೊಡ್ಡವರು, ಸೈತಾನ ಗೀತಾನ ಏನೂ ತಲೆ ಕೆಡಿಸಿಕೊಳ್ಳದ ಮನುಷ್ಯ. ಇಮ್ಮಾರ್ಟಲ್, ಬುರ್ಜುಮ್, ಎಂಪರರ್, ಮೇಹೆಮ್, ಎಲ್ಲಾ ಇವರ ಹತ್ತಿರ ಬಂದವರೇ. ತಗಡಿನ ಸದ್ದು ಬೇಡ, ದೂರ ಬೇಕು ಅಂದ್ರೆ ಇನ್ನೊಂದು ದಾರಿಯೂ ಇದೆಯಲ್ಲ: ನಿಜವಾಗಲೂ ದೊಡ್ಡ ಜಾಗ. ನಮ್ಮ ದೇವಸ್ಥಾನದ ಕಲ್ಲಿನ ಮಂಟಪದಲ್ಲಿ ಕೆಮ್ಮಿದ್ರೂ ಘನವಾಗಿ ಕೇಳಿಸುತ್ತಲ್ಲ, ಹಾಗೆ.

ಎಂಪರರ್ 1993ರ ಜುಲೈನಲ್ಲಿ ಇಲ್ಲಿ 'ಇನ್ ದ ನೈಟ್‌ಸೈಡ್ ಎಕ್ಲಿಪ್ಸ್' ರೆಕಾರ್ಡ್ ಮಾಡ್ತು. ಗಿಟಾರಿನ ಗುಂಯ್ ಹಿಂದೆ ಕೀಬೋರ್ಡು ಇಡೀ ಆಕಾಶದ ಥರ ಹರಡಿಕೊಂಡಿದೆ. ಮೊದಲ ಸಲ ಕೇಳಿದ್ರೆ ಎಲ್ಲಾ ಕಲಸಿದ ಹಾಗೆ, ಐದನೇ ಸಲ ಪದರ ಪದರ ಬಿಡಿಸ್ಕೊಳ್ಳುತ್ತೆ. ಹಾಡಿ, ಗಿಟಾರ್, ಕೀಬೋರ್ಡ್ ನುಡಿಸಿದ ಇಹ್ಸಾನ್‌ಗೆ ಆಗ 17 ವರ್ಷ. ಸೆಕೆಂಡ್ ಪಿಯುಸಿ ಗುರೂ! ನಾನು ಆ ವಯಸ್ಸಿನಲ್ಲಿ ಅಕೌಂಟೆನ್ಸಿ ಬ್ಯಾಲೆನ್ಸ್ ಶೀಟ್ ಟ್ಯಾಲಿ ಆಗ್ತಿಲ್ಲ ಅಂತ ಅಳ್ತಿದ್ದೆ.

ಇನ್ನು ಮೇಹೆಮ್. 1984ರಲ್ಲಿ ಶುರುವಾದ ಬ್ಯಾಂಡು, ಈ ಇಡೀ ಗುಂಪಿಗೆ ಹಿರಿಯರು. ಇವರ 'ಡೆ ಮಿಸ್ಟೀರಿಸ್ ಡಾಮ್ ಸಥಾನಸ್' ಕೂಡ ಗ್ರೀಗ್‌ಹಾಲೆನ್ನಿನದೇ. ಡ್ರಮ್ಮು ಗುಡುಗಿನ ಹಾಗೆ ದೊಡ್ಡದಾಗಿದೆ. ಹಂಗೇರಿಯ ಆಟಿಲ್ಲಾ ಚಿಹಾರ್‌ನ ಕರೆಸಿ ಹಾಡಿಸಿದ್ರು. ಆತ ಕಿರುಚೋದೇ ಇಲ್ಲ, ಹಳೇ ಮಠದ ಸನ್ಯಾಸಿ ಮಂತ್ರ ಹೇಳ್ತಾ ಹೇಳ್ತಾ ಮೈಮೇಲೆ ಬಂದ ಹಾಗೆ ಹಾಡ್ತಾನೆ. ಈ ಪಟ್ಟಿಯಲ್ಲಿ ಒಂದೇ ಆಲ್ಬಂ ಉಳಿಸ್ಕೊ ಅಂದ್ರೆ ನಾನು ಇದನ್ನ ಉಳಿಸ್ಕೊಳ್ತೀನಿ. ಅದನ್ನ ಹೇಳೋಕೆ ಸ್ವಲ್ಪ ಹಿಂಜರಿಕೆಯೂ ಇದೆ, ಯಾಕಂತ ಹೇಳ್ತೀನಿ.

(7/9)

ಇದು ಸಣ್ಣ ಪೋಸ್ಟು, ಚಿತ್ರಗಳ ಬಗ್ಗೆ.

ಸದ್ದು ದೂರ ಅಂದೆ. ದೂರದಲ್ಲಿ ಏನಿದೆ? ಚಳಿಗಾಲ. ಡಿಸೆಂಬರಿನಲ್ಲಿ ಓಸ್ಲೋದಲ್ಲಿ ಆರು ಗಂಟೆಯೂ ಬೆಳಕಿರಲ್ಲ. ಬೆರ್ಗೆನ್ನಿನಲ್ಲಿ ವರ್ಷಕ್ಕೆ 200 ದಿನಕ್ಕಿಂತ ಜಾಸ್ತಿ ಮಳೆ. (ಆದರೂ ಒಟ್ಟು 2200 ಮಿ.ಮೀ. ಚಿಲ್ಲರೆ ಅಷ್ಟೇ. ಆಗುಂಬೆಯವರು ನಗಬಹುದು.)

ಆ ಹುಡುಗಿ ಕೊಂಬು ಊದ್ತಿರೋ ಚಿತ್ರ ಬರೆದವನು ಥಿಯೊಡೋರ್ ಕಿಟೆಲ್‌ಸೆನ್, 1857ರಿಂದ 1914ರವರೆಗೆ ಬದುಕಿದ್ದ ನಾರ್ವೆಯ ಚಿತ್ರಕಾರ. ಅಜ್ಜಿ ಕಥೆಯ ರಾಕ್ಷಸರು, ಕೆರೆಯ ಭೂತ, ಖಾಲಿ ಕಾಡು, ಇವೇ ಅವನ ವಿಷಯ. 1900ರಲ್ಲಿ ಅವನು ಪ್ಲೇಗಿನ ಮೇಲೆ ಒಂದು ಪುಸ್ತಕ ಮಾಡಿದ. 1349ರಲ್ಲಿ ಹಡಗಿನಲ್ಲಿ ಬೆರ್ಗೆನ್ನಿಗೆ ಬಂದ ಪ್ಲೇಗ್ ನಾರ್ವೆಯನ್ನ ಹೆಚ್ಚುಕಮ್ಮಿ ಅರ್ಧ ಖಾಲಿ ಮಾಡ್ತು. ಜನಪದದಲ್ಲಿ ಆ ರೋಗ ಒಬ್ಬ ಮುದುಕಿ, ಹೆಸರು ಪೆಸ್ತಾ. ಕೈಯಲ್ಲಿ ಕುಂಟೆ ಹಿಡಿದು ಬಂದ್ರೆ ಹಲ್ಲಿನ ಸಂದಿಯಲ್ಲಿ ಕೆಲವರು ಉಳೀತಾರೆ. ಪೊರಕೆ ಹಿಡಿದು ಬಂದ್ರೆ ಊರಿಗೂರೇ ಗುಡಿಸಿಹೋಗುತ್ತೆ. ನಮ್ಮ ಕಡೆ ಮಾರಿ ಕಥೆ ಕೇಳಿ ಬೆಳೆದವರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ.

ಅಂದ್ರೆ ಈ ವಾತಾವರಣ 1990ರಲ್ಲಿ ಹುಟ್ಟಿದ್ದಲ್ಲ. ಅವರ ಅಜ್ಜ ಮುತ್ತಜ್ಜಂದಿರ ಹೆದರಿಕೆಯನ್ನ ಇವರು ತಗೊಂಡು ಆ್ಯಂಪಿಗೆ ಚುಚ್ಚಿದ್ರು. ಮುಖಕ್ಕೆ ಬಳಿಯೋ ಕಪ್ಪು ಬಿಳಿ ಬಣ್ಣವೂ ಹೆಣದ ಮುಖದ ಹಾಗೆ ಕಾಣಲಿ ಅಂತ. ಬಣ್ಣದ ವೇಷ ನೋಡಿ ಬೆಳೆದ ನಮಗೆ ಬಣ್ಣ ಬಳಿದ ಮನುಷ್ಯ ಬೇರೆ ಯಾರೋ ಆಗ್ತಾನೆ ಅನ್ನೋದು ಗೊತ್ತು. ಬೆಳಗ್ಗೆ ಆಟ ಮುಗಿದ ಮೇಲೆ ಬಣ್ಣ ತೆಗೀತಾರೆ ಅನ್ನೋದೂ ಗೊತ್ತು.

(8/9)

ಅಕ್ಕ, ಇದು ನಿಮಗೆ. ಕಷ್ಟದ ಪೋಸ್ಟು. ಸಾವಿನ ವಿಷಯ ಇದೆ, ಮನಸ್ಸು ಸರಿ ಇಲ್ಲದವರು ಇದನ್ನ ಬಿಟ್ಟು 9ಕ್ಕೆ ಹೋಗಿ.

ಮೇಹೆಮ್‌ಗೆ ಮೊದಲು ಹಾಡ್ತಿದ್ದವನು ಒಬ್ಬ ಸ್ವೀಡನ್ ಹುಡುಗ, ವೇದಿಕೆಯ ಹೆಸರು ಡೆಡ್. 1991ರ ಏಪ್ರಿಲ್‌ನಲ್ಲಿ, 22ನೇ ವಯಸ್ಸಿಗೆ, ಜೀವ ತೆಗೆದುಕೊಂಡ. ಬ್ಯಾಂಡಿನ ಗಿಟಾರಿಸ್ಟ್ ಯೂರೋನಿಮಸ್ ಪೊಲೀಸರಿಗೆ ಹೇಳೋ ಮೊದಲು ಫೋಟೋ ತೆಗೆದ. ದಯವಿಟ್ಟು ಆ ಫೋಟೋ ಹುಡುಕಬೇಡಿ. ಒಬ್ಬ ಹುಡುಗನಿಗೆ ಸಹಾಯ ಬೇಕಿತ್ತು, ಸುತ್ತಲಿದ್ದವರು ಅದನ್ನ 'ವಾತಾವರಣ' ಅಂದುಕೊಂಡ್ರು. (ನಿಮಗಾಗಲಿ ಗೊತ್ತಿರೋರಿಗಾಗಲಿ ಹಾಗೆ ಅನಿಸ್ತಿದ್ರೆ 14416, ಟೆಲಿ ಮಾನಸ್, ಫ್ರೀ, ಕನ್ನಡದಲ್ಲೂ ಮಾತಾಡ್ತಾರೆ.)

ಅದೇ ವರ್ಷ ಯೂರೋನಿಮಸ್ ಓಸ್ಲೋದಲ್ಲಿ ಹೆಲ್ವೆಟೆ ಅನ್ನೋ ಕ್ಯಾಸೆಟ್, ರೆಕಾರ್ಡ್ ಅಂಗಡಿ ತೆರೆದ. ಹೆಲ್ವೆಟೆ ಅಂದ್ರೆ ನರಕ. ಕಪ್ಪು ಗೋಡೆ, ನೆಲಮಾಳಿಗೆ, ಸುತ್ತ ಹದಿನೆಂಟು ಇಪ್ಪತ್ತರ ಹುಡುಗರು. ಯಾರು ಹೆಚ್ಚು ದುಷ್ಟ ಅನ್ನೋ ಪೈಪೋಟಿ.

1992ರ ಜೂನ್ 6. ಬೆರ್ಗೆನ್ ಹತ್ತಿರ ಫಾಂಟಾಫ್ಟ್ ಅನ್ನೋ ಮರದ ಚರ್ಚು, 1150ರ ಸುಮಾರಿನದ್ದು, ಸುಟ್ಟುಹೋಯ್ತು. ಆ ಬೂದಿಯ ಫೋಟೋ ಬುರ್ಜುಮ್ ಕವರಿನ ಮೇಲೆ ಬಂತು. ಆಮೇಲೆ ಇನ್ನೂ ಚರ್ಚುಗಳಿಗೆ ಬೆಂಕಿ ಬಿತ್ತು. ಆಗಸ್ಟಿನಲ್ಲಿ ಎಂಪರರ್‌ನ ಡ್ರಮ್ಮರ್ ಫೌಸ್ಟ್ ಲಿಲ್ಲೆಹ್ಯಾಮರ್ ಊರಿನಲ್ಲಿ ಒಬ್ಬ ಅಪರಿಚಿತ ಗೇ ವ್ಯಕ್ತಿಯನ್ನ ಇರಿದು ಕೊಂದ. ಆಗ ಅವನಿಗೆ 18. ನಾನು 6ನೇ ಪೋಸ್ಟಿನಲ್ಲಿ ಹೊಗಳಿದ ಎಂಪರರ್ ಆಲ್ಬಂ ಇದಾಗಿ ಸುಮಾರು ಒಂದು ವರ್ಷಕ್ಕೆ ರೆಕಾರ್ಡ್ ಆಗಿದ್ದು. ಡ್ರಮ್ಸ್ ನುಡಿಸಿದ್ದು ಅವನೇ.

1993ರ ಆಗಸ್ಟ್ 10. ವಿಕೆರ್ನೆಸ್ ಓಸ್ಲೋಗೆ ಬಂದು ಯೂರೋನಿಮಸ್‌ನನ್ನ ಅವನ ಮನೆಯ ಹತ್ತಿರವೇ ಇರಿದು ಕೊಂದ. ಸತ್ತವನಿಗೆ 25. ಕೊಂದವನಿಗೆ 20. ಈಗ ನನಗಿರೋ ವಯಸ್ಸು. 1994ರ ಮೇನಲ್ಲಿ ಕೊಲೆ ಮತ್ತು ಚರ್ಚುಗಳಿಗೆ ಬೆಂಕಿ ಇಟ್ಟಿದ್ದಕ್ಕೆ 21 ವರ್ಷ ಶಿಕ್ಷೆ ಆಯ್ತು, ನಾರ್ವೆಯಲ್ಲಿ ಆಗ ಅದೇ ಗರಿಷ್ಠ. (ಫಾಂಟಾಫ್ಟ್ ಕೇಸಿನಲ್ಲಿ ಮಾತ್ರ ಅಪರಾಧ ಸಾಬೀತಾಗಲಿಲ್ಲ.) 'ಫಿಲೊಸೊಫೆಮ್' 1996ರಲ್ಲಿ ಬಂದಾಗ ಅವನು ಜೈಲಿನಲ್ಲಿದ್ದ. ಅಲ್ಲಿಂದಲೂ, ಹೊರಗೆ ಬಂದ ಮೇಲೂ ಅವನು ಬರೆದಿದ್ದು, ಮಾತಾಡಿದ್ದು ಜನಾಂಗದ್ವೇಷ. ನಮ್ಮಂಥ ಮೈಬಣ್ಣದವರ ಬಗ್ಗೆ ಅವನಿಗೆ ಏನನಿಸುತ್ತೆ ಅಂತ ನಾನು ಊಹೆ ಮಾಡಬೇಕಾಗಿಲ್ಲ.

ಮೇಹೆಮ್ ಆಲ್ಬಂ ಬಂದಿದ್ದೂ ಅದೇ ಮೇ ತಿಂಗಳಲ್ಲಿ. ಅದರಲ್ಲಿ ಗಿಟಾರ್ ಯೂರೋನಿಮಸ್‌ದು. ಬಾಸ್ ವಿಕೆರ್ನೆಸ್‌ದು. ಸತ್ತವನ ಅಪ್ಪ ಅಮ್ಮ ಆ ಬಾಸನ್ನ ತೆಗೆಸಿ ಅಂತ ಕೇಳಿಕೊಂಡ್ರು. ಡ್ರಮ್ಮರ್ ಹೆಲ್‌ಹ್ಯಾಮರ್ ಹೂಂ ಅಂದು, ತೆಗೀಲಿಲ್ಲ. ಅದು ಇವತ್ತಿಗೂ ಹಾಗೇ ಇದೆ. ಅದಕ್ಕೇ ಹಿಂಜರಿಕೆ ಅಂದಿದ್ದು. ತಂದೆ ತಾಯಿ ಮಗನ ಕೊನೆಯ ಕೆಲಸ ಕೇಳಬೇಕು ಅಂದ್ರೆ ಅವನನ್ನ ಕೊಂದವನ ಬೆರಳನ್ನೂ ಕೇಳಬೇಕು. ಇದನ್ನ ಯಾವ 'ವೈಬ್' ಅನ್ನೋದು?

ಡಾರ್ಕ್‌ಥ್ರೋನ್ ಆದ್ರೂ ಶುದ್ಧ ಅಂತ ಹೇಳೋಣ ಅಂದ್ರೆ, ಅದೂ ಇಲ್ಲ. 'ಟ್ರಾನ್ಸಿಲ್ವೇನಿಯನ್ ಹಂಗರ್' ಮೊದಲ ಮುದ್ರಣದ ಹಿಂಬದಿಯಲ್ಲಿ ಇದು ಆರ್ಯ ಬ್ಲ್ಯಾಕ್ ಮೆಟಲ್ ಅನ್ನೋ ಅರ್ಥದ ಸಾಲು ಇತ್ತು, ಜೊತೆಗೆ ಯಹೂದಿಗಳನ್ನ ಹೀಯಾಳಿಸೋ ಹೇಳಿಕೆ ಬೇರೆ. ಗಲಾಟೆ ಆಯ್ತು, ತೆಗೆದ್ರು. ಮುಂದಿನ ಆಲ್ಬಂನಲ್ಲಿ ನಾವು ನಾಜಿ ಬ್ಯಾಂಡ್ ಅಲ್ಲ ಅಂತ ಬರೆದ್ರು. ಆಮೇಲೆ ಆ ದಾರಿಗೆ ಹೋಗಲಿಲ್ಲ. ಆದರೆ ಬರೆದಿದ್ದಂತೂ ಬರೆದಿದ್ದೇ.

(9/9)

ಹಾಗಾದ್ರೆ ಆ ಸದ್ದೇ ತಪ್ಪಾ? ನಾನು ಹೋದ ಎರಡು ವಾರ ಇದನ್ನೇ ಯೋಚಿಸ್ತಿದ್ದೆ. ಅದೇ ಟ್ರೆಮೊಲೊ, ಅದೇ ಗಂಟಲು, ಅದೇ ಚಳಿ ಇಟ್ಕೊಂಡು ಯಾರಿಗೂ ಏನೂ ಮಾಡದೆ ಮನೆಗೆ ಹೋದ ಬ್ಯಾಂಡುಗಳೂ ಬೇಕಾದಷ್ಟಿವೆ. ಇಮ್ಮಾರ್ಟಲ್‌ನವರು ಸೈತಾನನನ್ನೂ ಬಿಟ್ಟು ತಮ್ಮದೇ ಒಂದು ಹಿಮದ ರಾಜ್ಯ ಕಟ್ಟಿಕೊಂಡ್ರು, ಅದಕ್ಕೊಂದು ಹೆಸರೂ ಇಟ್ರು. ಉಲ್ವರ್ 1997ರಲ್ಲಿ ಎಷ್ಟು ಕೆಟ್ಟ ಸೌಂಡಿನ ಆಲ್ಬಂ ಮಾಡ್ತು ಅಂದ್ರೆ, ಕಂಪನಿ ಕೊಟ್ಟ ದುಡ್ಡಲ್ಲಿ ಸೂಟು, ಕಾರು ತಗೊಂಡು ಕಾಡಿನಲ್ಲಿ ರೆಕಾರ್ಡ್ ಮಾಡಿದ್ರು ಅಂತ ಸುದ್ದಿ ಹಬ್ಬಿತು. ಸುಳ್ಳು ಅಂತ ಅವರೇ ಹೇಳಿದ್ದಾರೆ, ಆದರೂ ಜನ ಬಿಟ್ಟಿಲ್ಲ. 2011ರಲ್ಲಿ ಡಿಮ್ಮು ಬೋರ್ಗಿರ್ ನಾರ್ವೆಯ ರೇಡಿಯೋ ಆರ್ಕೆಸ್ಟ್ರಾ ಜೊತೆ ಓಸ್ಲೋದಲ್ಲಿ ನುಡಿಸಿತು. 2013ರಲ್ಲಿ ಸಟೀರಿಕಾನ್ ರಾಷ್ಟ್ರೀಯ ಒಪೆರಾದ ಕೋರಸ್ ಜೊತೆ. ಒಂದು ಕಾಲದಲ್ಲಿ ಪೇಪರಿನ ಕ್ರೈಂ ಪುಟದಲ್ಲಿ ಇದ್ದದ್ದು ಈಗ ಟಿಕೆಟ್ ತಗೊಂಡು ಕೂರೋ ಸಂಗೀತ.

ನಮ್ಮ ಕಡೆ? ಬೆಂಗಳೂರಿನ ದ್ವೇಷ ಅನ್ನೋ ಬ್ಯಾಂಡು ಕನ್ನಡದಲ್ಲೇ ಡೆತ್ ಮೆಟಲ್ ಹಾಡಿದೆ, 2014ರ 'ಸ್ತೂಪ' ಆಲ್ಬಂ ಕೇಳಿ. ಬ್ಲ್ಯಾಕ್ ಅಲ್ಲ, ಡೆತ್, ಜಗಳ ಮಾಡೋರು ಕಾಮೆಂಟಿಗೆ ಬರಬೇಡಿ, ವ್ಯತ್ಯಾಸ ನನಗೂ ಗೊತ್ತು.

ನನ್ನ ಲೆಕ್ಕ ಹೀಗಿದೆ, ಅಕ್ಕ. ಬುರ್ಜುಮ್ ಸ್ಟ್ರೀಮ್ ಮಾಡೋದು ನಿಲ್ಲಿಸಿದೀನಿ. ಪ್ರತಿ ಪ್ಲೇಗೂ ಎಷ್ಟೋ ಪೈಸೆ ಹಕ್ಕಿರೋರಿಗೆ ಹೋಗುತ್ತೆ, ಅಷ್ಟು ಮಟ್ಟಿನ ಅಕೌಂಟಿಂಗ್ ನನಗೂ ಬರುತ್ತೆ. ಆ ಚಿತ್ರ ಬೇಕಾದ್ರೆ ಕಿಟೆಲ್‌ಸೆನ್ ಹೆಸರು ಹಾಕಿ ಹಾಕ್ತೀನಿ, ಅದು ಅವನ ಚಿತ್ರ. ಮೇಹೆಮ್ ಕೇಳ್ತೀನಿ. ಅದರಲ್ಲೂ ಅವನೇ ಬಾಸ್ ನುಡಿಸಿದಾನೆ, ಹಾಗಾಗಿ ನನ್ನ ಲೆಕ್ಕ ಟ್ಯಾಲಿ ಆಗಲ್ಲ, ನನಗೂ ಕಾಣ್ತಿದೆ. ಸದ್ಯಕ್ಕೆ ಸಸ್ಪೆನ್ಸ್ ಅಕೌಂಟಿನಲ್ಲಿ ಇಟ್ಟಿದೀನಿ. ಡಾರ್ಕ್‌ಥ್ರೋನ್ ಕೇಳ್ತೀನಿ, ಯಾರಾದ್ರೂ ಕೇಳಿದ್ರೆ ಆ ಹಿಂಬದಿಯ ಸಾಲಿನ ವಿಷಯವನ್ನೂ ಹೇಳ್ತೀನಿ. ನಾನು ಸ್ಟೋರಿಗೆ ಹಾಕಿದಾಗ ಮಾಡಿದ ತಪ್ಪು ಕೇಳಿದ್ದಲ್ಲ, ವಿಚಾರ ಮಾಡದೆ 'ವೈಬ್' ಅಂದಿದ್ದು.

ಹೊಸದಾಗಿ ಕೇಳೋರು ಇಮ್ಮಾರ್ಟಲ್‌ನ 1999ರ 'ಅಟ್ ದ ಹಾರ್ಟ್ ಆಫ್ ವಿಂಟರ್' ಇಂದ ಶುರು ಮಾಡಿ, ಸೌಂಡು ಕ್ಲಿಯರ್ ಇದೆ, ಕಿವಿ ನೋಯಲ್ಲ. ಆಮೇಲೆ ಹಿಂದಕ್ಕೆ ಹೋಗಿ 'ಎ ಬ್ಲೇಜ್ ಇನ್ ದ ನಾರ್ದರ್ನ್ ಸ್ಕೈ'. ವಾಲ್ಯೂಮ್ ಕಮ್ಮಿ ಇಟ್ಟು ಕೇಳಿ, ಜೋರು ಇಟ್ರೆ ಕಂಬ ಮಾತ್ರ ಕಾಣ್ತವೆ.

ಎಂಟನೇ ಪೋಸ್ಟಿನ ಲಿಂಕ್ ಅಕ್ಕನಿಗೆ ನಿನ್ನೆ ಕಳಿಸಿದೆ. 'ಸೀನ್' ಅಂತ ತೋರಿಸ್ತಿದೆ, ಇನ್ನೂ ಏನೂ ಬಂದಿಲ್ಲ. ಬಸ್ಸಿನವನು ಮಾತ್ರ ಇವತ್ತು ಪಕ್ಕ ಬಂದು ಕೂತು, ಏನೂ ಹೇಳದೆ ಒಂದು ಕಡೆಯದನ್ನ ತಗೊಂಡು ಕಿವಿಗಿಟ್ಟ. ಅವನ ಸ್ಟಾಪಿನವರೆಗೂ ವಾಪಸ್ ಕೊಡಲಿಲ್ಲ.

ಸೋಮವಾರದಿಂದ ಇಂಟರ್ನಲ್ಸು. ಅದು ಮುಗಿಯೋವರೆಗೆ ಪೋಸ್ಟ್ ಇಲ್ಲ.